ಕೌದಿಯ ಹೊಟ್ಟೆಯಲ್ಲಿ ಒಂದು ತುಂಡು ರೊಟ್ಟಿ

ತಾವರಗೇರಾ

ನನಗೆ ಸುರುಳಿಗಳ ಹುಚ್ಚು. ಕುಷ್ಟಗಿ ತಾಲ್ಲೂಕಿನ ಸರ್ಕಾರಿ ಹೈಸ್ಕೂಲೊಂದರಲ್ಲಿ ಗಣಿತ ಹೇಳುವವಳಿಗೆ ಬೇರೆ ಹುಚ್ಚು ಹಿಡಿಸಿಕೊಳ್ಳಲು ಪುರುಸೊತ್ತೂ ಇರುವುದಿಲ್ಲ ಬಿಡಿ. ಸೂರ್ಯಕಾಂತಿ ಬಲಿಯುವ ಕಾಲಕ್ಕೆ ಮಕ್ಕಳನ್ನು ಹೊಲಕ್ಕೆ ಕರೆದೊಯ್ದು ಹೂವಿನ ನಡುವೆ ಕಾಳು ಸುತ್ತಿಕೊಂಡ ಸಾಲುಗಳನ್ನು ಎಣಿಸುತ್ತೇನೆ. ಒಂದು ಕಡೆಗೆ ಮೂವತ್ತನಾಲ್ಕು, ಇನ್ನೊಂದು ಕಡೆಗೆ ಐವತ್ತೈದು. "ಮೇಡಮ್ಮರ, ಎಣಸೂದು ಮುಗದಿದ್ರ ಹೂವಾ ಬಿಡ್ರಿ, ರಾಶಿ ಮಾಡೂದೈತಿ" ಎಂದು ಹೊಲದವರು ಬದುವಿನ ಮೇಲೆ ಕಾಯುತ್ತಾ ನಿಂತಿರುತ್ತಾರೆ. ಇಟಗಿಯ ಗುಡಿಗೆ ಹೋದರೆ ಉಳಿದವರೆಲ್ಲ ದೇವರಿಗೆ ಕೈ ಮುಗಿಯುತ್ತಾರೆ. ನಾನು ಕಲ್ಲಿನ ಮಕರದ ಬಾಲ ಎಷ್ಟು ಸುತ್ತು ಸುತ್ತಿದೆ ಎಂದು ಎಣಿಸಿ ಕತ್ತು ನೋಯಿಸಿಕೊಂಡು ಬರುತ್ತೇನೆ.

ಇಂಥವಳಿಗೆ ಎಲ್ಲಕ್ಕಿಂತ ಛಂದದ ಸುರುಳಿ ಸಿಕ್ಕಿದ್ದು ತಾವರಗೇರಾದ ನನ್ನ ಚಿಗವ್ವನ ಪಡಸಾಲೆಯಲ್ಲಿ. ಚಿಗವ್ವ ಅಂದರೆ ನನ್ನ ಅವ್ವನ ತಂಗಿ, ಹುಲಿಗೆವ್ವ. ಅರವತ್ತು ದಾಟಿದ್ದಾಳೆ. ಕೂಲಿಗೆ ಹೋಗುವುದನ್ನು ಬಿಟ್ಟ ಮೇಲೆ ಊರವರಿಗೆ ಕೌದಿ ಹೊಲಿದುಕೊಡುತ್ತಾಳೆ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಹೊರಗಿನ ಅಂಚಿನಿಂದ ಸೂಜಿ ಹಿಡಿದು ಹೊರಟರೆ, ಒಂದೊಂದು ಸುತ್ತಿಗೂ ಬೆರಳಗಲ ಒಳಗೆ ಸರಿಯುತ್ತಾ, ಕಡೆಗೆ ನಟ್ಟನಡುವೆ ಬಂದು ಗಂಟು ಹಾಕುತ್ತಾಳೆ. ನಾನು ಪಟ್ಟಿ ಹಿಡಿದು ನೋಡಿದ್ದೇನೆ, ಮೊದಲ ಸುತ್ತಿನ ಬೆರಳಗಲಕ್ಕೂ ಕಡೆಯ ಸುತ್ತಿನ ಬೆರಳಗಲಕ್ಕೂ ಕೂದಲೆಳೆಯಷ್ಟು ಫರಕಿಲ್ಲ. ಕೌದಿಯ ಅಗಲ ಚಿಗವ್ವನ ಗಿಡ್ಡ ಕೈಯ ಅಳತೆಗೆ ಮೂರು ಮೊಳ, ಉದ್ದ ಐದು ಮೊಳ. ಮೂರು, ಐದು, ಎಂಟು, ಹದಿಮೂರು, ಹೀಗೆ ಹಿಂದಿನ ಎರಡನ್ನು ಕೂಡಿಸಿ ಮುಂದಿನದನ್ನು ಹಡೆಯುತ್ತಾ ಹೋಗುವ ಅಂಕಿಗಳ ಸಾಲೇ ಸೂರ್ಯಕಾಂತಿಯಲ್ಲೂ ಇರುವುದು. ಆ ಸಾಲು ಬೆಳೆದಂತೆ ಅಕ್ಕಪಕ್ಕದ ಎರಡು ಅಂಕಿಗಳ ಪ್ರಮಾಣ ಸುವರ್ಣ ಅನುಪಾತದ, ಅಂದರೆ ಒಂದಕ್ಕೆ ಸುಮಾರು 1.618ರ, ಹತ್ತಿರ ಹತ್ತಿರ ಹೋಗುತ್ತದೆ. ಚಿಗವ್ವನ ಕೌದಿಯಲ್ಲಿ ಸುವರ್ಣ ಅನುಪಾತ! ನನಗೆ ಎರಡು ದಿನ ಊಟ ಸೇರಲಿಲ್ಲ.

ಮಕ್ಕಳ ಕೈಲಿ ಅದನ್ನು ಅಳೆಸಿ ವಿಡಿಯೋ ಮಾಡಿ ಹಾಕಿದೆ. ಕೈಕೆಲಸದ ಮೂಲಕ ಗಣಿತ ಕಲಿಸುವ ಮಾಸ್ತರರ ಗುಂಪೊಂದು ನ್ಯೂಜಿಲೆಂಡಿನಲ್ಲಿದೆಯಂತೆ, ಅವರು ಅದನ್ನು ನೋಡಿ ತಮ್ಮ ಸಭೆಗೆ ಬರಲು ನಮ್ಮಿಬ್ಬರಿಗೂ ಕರೆ ಕಳಿಸಿದರು. ಕೌದಿ ತರಲೇಬೇಕು ಎಂದು ಎರಡು ಸಲ ಬರೆದಿದ್ದರು.

"ಅಲ್ಲಿ ಥಂಡಿ ಐತೇನು?" ಎಂದು ಚಿಗವ್ವ ಕೇಳಿದಳು.

"ಐತಿ ಚಿಗವ್ವ, ಭಾಳ ಐತಿ."

"ಹಂಗಾರ ಕೌದಿ ಬೇಕಾಗ್ತೈತಿ. ನಡಿ, ಬರ್ತೀನಿ."

ಅದಕ್ಕೆಂದೇ ಹೊಸ ಕೌದಿ ಹೊಲಿದಳು. ನಡುವಿಗೆ ನನ್ನ ಅವ್ವನ ಹಸಿರು ಇಳಕಲ್ ಸೀರೆಯ ತುಂಡು ಹಾಕಿದಳು. ಅವ್ವ ಹೋಗಿ ನಾಲ್ಕು ವರ್ಷವಾಗಿತ್ತು. ಚಿಗವ್ವ ಅಕ್ಕನ ಎರಡು ಸೀರೆಗಳನ್ನು ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು. ಅದರಲ್ಲಿ ಒಂದಕ್ಕೆ ಕತ್ತರಿ ಬಿತ್ತು.

ವಿಮಾನ ಇಳಿದ ಬೆಳಿಗ್ಗೆ

ಆ ದೇಶದವರಿಗೆ ತಿನ್ನುವ ವಸ್ತು, ಬೀಜ, ಎಲೆ ಎಂದರೆ ಭಾರಿ ಭಯ. ಪರಸ್ಥಳದ ರೋಗ, ಹುಳ ಬಂದು ತಮ್ಮ ಕಾಡು ಹೊಲ ಹಾಳಾಗಬಾರದು ಎಂದು. ನಮ್ಮ ಹೊಲಕ್ಕೆ ಯಾವ ಯಾವ ಊರಿನ ಕಳೆ ಬಂದು ಕೂತಿದೆಯೆಂದು ನೋಡಿದವರಿಗೆ ಅವರ ಭಯ ಅರ್ಥವಾಗುತ್ತದೆ. ಅದಕ್ಕೇ ಹೊರಡುವ ಮೊದಲು ನಾನು ಮೂರು ಸಲ ತಪಾಸಣೆ ಮಾಡಿ, ಚಿಗವ್ವ ಸೀರೆಯ ಮಡಿಕೆಗಳಲ್ಲಿ ಬಚ್ಚಿಟ್ಟಿದ್ದ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಒಂದು ಕಟ್ಟು ಸಜ್ಜೆ ರೊಟ್ಟಿ ಎಲ್ಲ ತೆಗೆಸಿದ್ದೆ. ಹೀಗಾಗಿ ವಿಮಾನದಲ್ಲಿ ಕೊಟ್ಟ ಫಾರ್ಮಿನಲ್ಲಿ ತಿನ್ನುವ ವಸ್ತು ಇದೆಯೇ ಎಂಬುದರ ಮುಂದೆ "ಇಲ್ಲ" ಎಂದು ಹೆಮ್ಮೆಯಿಂದಲೇ ಗುರುತು ಹಾಕಿದೆ.

ಸಾಲಿನಲ್ಲಿ ನಿಂತಿದ್ದಾಗ ಹಸಿರು ಅಂಗಿ ತೊಟ್ಟ ಸಣ್ಣ ನಾಯಿಯೊಂದು ಬಂತು. ಎಲ್ಲರ ಚೀಲ ಮೂಸುತ್ತಾ ಮೂಸುತ್ತಾ ನಮ್ಮ ಕೌದಿಯ ಗಂಟಿನ ಮುಂದೆ ಬಂದು, ಹೋಂವರ್ಕ್ ಮಾಡಿದ ಹುಡುಗಿಯ ಹಾಗೆ ನೆಟ್ಟಗೆ ಕೂತುಬಿಟ್ಟಿತು.

"ಪಾಪ, ಹಸದೈತಿ" ಎಂದಳು ಚಿಗವ್ವ.

ನಾಯಿಯ ಹಿಂದಿನ ಅಧಿಕಾರಿಣಿ ನಮ್ಮನ್ನು ಒಂದು ಮೇಜಿನ ಹತ್ತಿರ ಕರೆದೊಯ್ದಳು. ಬಲು ಮರ್ಯಾದೆಯ ಹೆಂಗಸು. ಇದರೊಳಗೆ ತಿನ್ನುವ ವಸ್ತು ಏನಾದರೂ ಇದೆಯೇ ಎಂದು ಕೇಳಿದಳು. ಇಲ್ಲವೇ ಇಲ್ಲ, ಇದು ಬರೀ ಬಟ್ಟೆ ಎಂದೆ. ಅವಳು ಕೈಯಿಂದ ಒತ್ತುತ್ತಾ ಹೋಗಿ ನಡುವಿಗೆ ಬಂದು ನಿಂತಳು. ನನಗೆ ಆಗ ನೆನಪಾಯಿತು.

ನಮ್ಮ ಕಡೆ ಕೌದಿ ಮುಗಿಸುವಾಗ ನಡುವೆ ಅಂಗೈಯಗಲ ಜಾಗ ಬಿಟ್ಟು, ಅದರೊಳಗೆ ಒಂದು ತುಂಡು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಮೇಲೆ ಹೊಲಿದುಬಿಡುತ್ತಾರೆ. ಅದು ಕೌದಿಯ ಹೊಟ್ಟೆ. ಹೊಚ್ಚಿಕೊಂಡವರು ಹಸಿದು ಮಲಗಬಾರದು ಎಂದರೆ ಮೊದಲು ಕೌದಿ ಉಂಡಿರಬೇಕು. ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಆದರೆ ಅದು ತಿನ್ನುವ ವಸ್ತು ಎಂದು ಆ ಕ್ಷಣದವರೆಗೆ ನನ್ನ ತಲೆಗೇ ಹೊಳೆದಿರಲಿಲ್ಲ.

"ಚಿಗವ್ವ, ಏನ್ ಇಟ್ಟೀ ಇದರಾಗ?"

"ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ. ಯಾಕ?"

"ಊಟದ್ದು ಏನೂ ತರಬ್ಯಾಡ ಅಂತ ಬಡಕೊಂಡೆನಲ್ಲ!"

"ನೀ ನಮ್ಮ ಊಟದ ಮಾತು ಹೇಳಿದಿ. ಇದು ಕೌದಿ ಊಟ."

ಇದನ್ನು ಆ ಹೆಂಗಸಿಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳುವ ಪಾಡು ನನ್ನ ವೈರಿಗೂ ಬೇಡ. ಅವಳು ಎಲ್ಲ ಕೇಳಿ, ನಗು ಬಂದರೂ ತಡೆದುಕೊಂಡು, ಎಳ್ಳು ಎಂದರೆ ಬೀಜ, ಅದು ಒಳಗೆ ಹೋಗುವ ಹಾಗಿಲ್ಲ ಎಂದಳು. ಎರಡು ದಾರಿ: ಕೌದಿಯನ್ನೇ ಬಿಟ್ಟುಹೋಗುವುದು, ಇಲ್ಲವೇ ನಡುವಿನ ಹೊಲಿಗೆ ಬಿಚ್ಚಿ ರೊಟ್ಟಿ ತೆಗೆದುಕೊಡುವುದು. ಚಿಗವ್ವ ಅವರದೇ ಮೊಂಡು ಕತ್ತರಿ ಇಸಿದುಕೊಂಡು ಒಂದೊಂದೇ ಹೊಲಿಗೆ ಬಿಚ್ಚಿ, ಅವ್ವನ ಹಸಿರು ಸೀರೆಯ ಕೆಳಗಿನಿಂದ ರೊಟ್ಟಿಯ ತುಂಡನ್ನು ತೆಗೆದು ಅವಳ ಕೈಗಿಟ್ಟಳು. ನನ್ನ ಕೈಗೆ ಎಚ್ಚರಿಕೆಯ ಚೀಟಿ ಬಂತು. ತಲೆಯೆತ್ತಿ ನಿಲ್ಲಲಾಗದಷ್ಟು ನಾಚಿಕೆಯಾಯಿತು.

ಅರೋಹಾಳ ಮನೆ

ನಮ್ಮನ್ನು ಕರೆದೊಯ್ಯಲು ಬಂದವನು ನಾವು ಉಳಿಯಬೇಕಿದ್ದ ಮನೆಯ ಮಗ. ಹಾಲಿನ ಟ್ಯಾಂಕರು ಓಡಿಸುತ್ತಾನೆ. ಅವನ ಉದ್ದ ನೋಡಿ ಚಿಗವ್ವ ಕುತ್ತಿಗೆ ಹಿಂದಕ್ಕೆ ಬಾಗಿಸಿದಳು. ಕಾರಿನಲ್ಲಿ ಕೂತರೆ ಅವನ ತಲೆ ಮೇಲಕ್ಕೆ ತಾಗುತ್ತಿತ್ತು.

ಸಮುದ್ರದ ಬದಿಯ ಸಣ್ಣ ಊರು. ಅವನ ತಾಯಿ ಅರೋಹಾ ಅಲ್ಲಿನ ಮೂಲನಿವಾಸಿ ಮಾವೊರಿ ಜನದವಳು, ಚಿಗವ್ವನದೇ ವಯಸ್ಸು. ನಮ್ಮ ಬದುವಿನ ಕತ್ತಾಳೆಯಂಥ ಉದ್ದನೆಯ ಎಲೆಗಳನ್ನು ಸೀಳಿ ಬುಟ್ಟಿ, ಚಾಪೆ ಹೆಣೆಯುತ್ತಾಳೆ. ಅವಳ ಮುಂದಿನ ಕೋಣೆಯ ತುಂಬಾ ಅದೇ ಎಲೆ. ಚಿಗವ್ವ ಚಹಾದ ಕಪ್ಪು ಹಿಡಿದುಕೊಂಡು ಹೆಣಿಗೆ ನೋಡೋಣವೆಂದು ಆ ಕೋಣೆಗೆ ಕಾಲಿಟ್ಟಳು. ಅರೋಹಾ ಓಡಿ ಬಂದು ಮೆಲ್ಲಗೆ ಕಪ್ಪು ತೆಗೆದುಕೊಂಡು, ತೋಳು ಹಿಡಿದು ಅಡುಗೆಮನೆಗೆ ಕರೆದೊಯ್ದಳು.

"ಕೈಯಾಗಿನ ಚಾ ಕಸಗೊಂಡ್ಲಲ್ಲ! ನಾ ಏನ್ ಚೆಲ್ಲತಿದ್ನೇನು?"

ಅವರಲ್ಲಿ ಹೆಣಿಗೆಯ ಹತ್ತಿರ ತಿನ್ನುವುದು ಕುಡಿಯುವುದು ಸಲ್ಲದು, ಅದು ಹಿರಿಯರಿಂದ ಬಂದ ಕಟ್ಟು ಎಂದು ಅರೋಹಾ ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿದೆ. ಚಿಗವ್ವ ಬಾಗಿಲಾಚೆಯ ಬುಟ್ಟಿಗಳನ್ನೇ ದಿಟ್ಟಿಸಿದಳು. "ಇಷ್ಟ ಛಂದ ಬುಟ್ಟಿ, ಎಲ್ಲಾ ಉಪವಾಸ?" ಎಂದಳು. ಅದನ್ನು ಇಂಗ್ಲಿಷಿಗೆ ತಿರುಗಿಸುವ ಧೈರ್ಯ ನನಗಾಗಲಿಲ್ಲ. ಕೌದಿಯಲ್ಲಿ ರೊಟ್ಟಿ ಇಟ್ಟು ತಂದಿದ್ದೆವು ಎಂದು ಹೇಳುವ ಧೈರ್ಯವಂತೂ ಮೊದಲೇ ಇರಲಿಲ್ಲ.

ಸಭೆಗೆ ಎರಡು ದಿನ ಉಳಿದಿತ್ತು. ಸಂಜೆ ಸೂಜಿ ದಾರ ತೆಗೆದಿಟ್ಟು, ಕೌದಿಯ ನಡು ಮುಚ್ಚಿಬಿಡು ಎಂದು ಚಿಗವ್ವನನ್ನು ಕೇಳಿಕೊಂಡೆ.

"ಏನ್ ಇಟ್ಟು ಮುಚ್ಚಲಿ?"

"ಏನೂ ಬ್ಯಾಡ. ಹಂಗ ಮುಚ್ಚು. ಯಾರಿಗೆ ಗೊತ್ತಾಗ್ತೈತಿ?"

"ಕೌದಿಗೆ ಗೊತ್ತಾಗ್ತೈತಿ. ಹಸದ ಕೌದಿ ನಾಕ ಮಂದಿ ಮುಂದ ನಾ ಹಾಸಂಗಿಲ್ಲ."

ಬಿಸ್ಕೀಟು ಇಡು ಎಂದೆ. ಅಂಗಡಿಯದು ಬೇಡವಂತೆ, ಮನೆಯೊಡತಿಯ ಕೈಯಿಂದ ಆ ಮನೆಯ ಒಲೆಯ ಮೇಲೆ ಬೆಂದದ್ದೇ ಆಗಬೇಕಂತೆ. ಆ ಮನೆಯೊಡತಿಯೋ ಚಹಾದ ಕಪ್ಪನ್ನೂ ಹೆಣಿಗೆಯ ಹತ್ತಿರ ಬಿಡದವಳು. ಮೂವತ್ತು ಜನ ಕೌದಿ ನೋಡಲು ಬರುತ್ತಾರೆ. ಚಿಗವ್ವ ಕೌದಿ ಹಾಸುವುದಿಲ್ಲ ಎಂದು ಕೂತಿದ್ದಾಳೆ. ಬರಿಗೈಲಿ ನಿಂತು ನಾನು ಏನು ಹೇಳಲಿ? ಅಷ್ಟು ದೂರ ಬಂದು ಮರ್ಯಾದೆ ಕಳೆದುಕೊಳ್ಳುವುದೇ ಹಣೆಬರಹ ಎಂದುಕೊಂಡು ಮಲಗಿದೆ.

ಜರಿಗಿಡದ ಕಾಡು

ಮರುದಿನ ಅರೋಹಾ ನಮ್ಮನ್ನು ಕಾಡಿಗೆ ಕರೆದೊಯ್ದಳು. ನಮ್ಮಲ್ಲಿ ಬಾವಿಯ ಗೋಡೆಗೆ ಗೇಣುದ್ದ ಬೆಳೆಯುವ ಜರಿಗಿಡ ಅಲ್ಲಿ ತೆಂಗಿನ ಮರದಷ್ಟು ಎತ್ತರ. ಅದರ ಎಳೆಯ ಎಲೆ ಬಿಚ್ಚುವ ಮೊದಲು ಒಳಗೊಳಗೆ ಸುತ್ತಿಕೊಂಡು ಮುಷ್ಟಿಯಾಗಿರುತ್ತದೆ. ಅವರ ಮರದ ಕೆತ್ತನೆಯಲ್ಲಿ, ಮೈಮೇಲಿನ ಹಚ್ಚೆಯಲ್ಲಿ, ಕೊರಳ ಪದಕದಲ್ಲಿ ಎಲ್ಲೆಲ್ಲೂ ಇದೇ ಸುರುಳಿ. ಹೊಸ ಜೀವದ ಗುರುತಂತೆ.

"ಚೇಳಿನ ಬಾಲ ಇದ್ದಂಗೈತಿ" ಎಂದಳು ಚಿಗವ್ವ. ಹೊಸ ಜೀವದ ಗುರುತಿಗೆ ಕುಷ್ಟಗಿ ಸೀಮೆಯ ಹೆಂಗಸು ಬೇರೇನು ಹೇಳಿಯಾಳು.

ನನಗೆ ಮಾತ್ರ ಹಬ್ಬ. ಈ ಎಲೆಯ ಸುರುಳಿಯಲ್ಲಿ ಸುತ್ತಿನಿಂದ ಸುತ್ತಿಗೆ ಅಂತರ ಬೆಳೆಯುತ್ತಾ ಹೋಗುತ್ತದೆ, ಶಂಖದಲ್ಲಿ ಬೆಳೆದ ಹಾಗೆ. ನಿನ್ನ ಕೌದಿಯಲ್ಲಿ ಮಾತ್ರ ಕಡೆತನಕ ಬೆರಳಗಲವೇ ಇರುತ್ತದೆ, ಯಾಕೆ ಹೇಳು ಎಂದು ಪಾಠ ಶುರುಮಾಡಿದೆ.

"ಅದು ಬೆಳಿಯಾಕತ್ತೈತಿ, ಒಳಗಿಂದ ಹೊರಗ ಹೊಂಟೈತಿ" ಎಂದಳು ಚಿಗವ್ವ. "ನಾ ಹೊರಗಿಂದ ಒಳಗ ಬರಾಕಿ. ನನ್ನ ಬೆರಳ ಎಲ್ಲಿ ಬೆಳೀತಾವ?"

ಎರಡು ಬಗೆಯ ಸುರುಳಿಗೆ ಇರುವ ಭೇದವನ್ನು ಇಷ್ಟು ಕಡಿಮೆ ಮಾತಿನಲ್ಲಿ ನಾನು ಒಮ್ಮೆಯೂ ಹೇಳಿದ್ದಿಲ್ಲ. ಅರೋಹಾ ಏನೆಂದು ಕೇಳಿದಳು, ಹೇಳಿದೆ. ಹಾಗಾದರೆ ಅವಳು ಒಳಗೆ ಯಾವುದರ ಹತ್ತಿರ ಬರುತ್ತಾಳೆ ಎಂದು ಅರೋಹಾ ಮತ್ತೆ ಕೇಳಿದಳು. ನನ್ನ ಚಿತ್ರಗಳಲ್ಲಿ ಅಲ್ಲಿ ಒಂದು ಚುಕ್ಕೆ ಇದೆ. ಉದ್ದ ಅಗಲ ಇಲ್ಲದ ಬಿಂದು ಎಂದು ಮಕ್ಕಳಿಗೆ ಬರೆಸುತ್ತೇನೆ. ಹಾಗೆಂದು ಹೇಳಹೊರಟಾಗಲೇ ನನ್ನ ತಪ್ಪು ಕಂಡಿತು. ಎರಡು ವರ್ಷ ಕೌದಿ ಅಳೆದೆ. ಅದರ ಹೊಟ್ಟೆಯನ್ನು ಚುಕ್ಕೆ ಮಾಡಿ ಇಟ್ಟಿದ್ದೆ. ಫಾರ್ಮಿನಲ್ಲಿ "ಇಲ್ಲ" ಎಂದು ಬರೆದದ್ದೂ ಅದೇ ಕೈ. ಅಲ್ಲೇ ಒಂದು ಬಿದ್ದ ಮರದ ಮೇಲೆ ಕೂತು ನಾಯಿ, ರೊಟ್ಟಿ, ಮೊಂಡು ಕತ್ತರಿ, ಚಿಗವ್ವನ ಹಟ ಎಲ್ಲವನ್ನೂ ಅರೋಹಾಳಿಗೆ ಒಪ್ಪಿಸಿಬಿಟ್ಟೆ.

ಅವಳು ಮೊದಲು ಗಾಬರಿಯಿಂದ ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಗು ಮುಗಿದ ಮೇಲೆ, "ನನ್ನ ಎಲೆಗೆ ನನ್ನ ಕಟ್ಟು, ಅವಳ ಬಟ್ಟೆಗೆ ಅವಳ ಕಟ್ಟು. ಎರಡೂ ಒಂದೇ ಕೋಣೆಯಲ್ಲಿ ಕೂರದಿದ್ದರೆ ಆಯಿತು" ಎಂದಳು.

ಅಡುಗೆಮನೆ

ಅವಳ ಅಡುಗೆಮನೆಯ ಕಿಟಕಿಯಲ್ಲಿ ಒಂದು ಗಾಜಿನ ಬಾಟಲಿ. ಅದರಲ್ಲಿ ಆಲೂಗಡ್ಡೆ, ಹಿಟ್ಟು ಸೇರಿಸಿ ಹುಳಿ ಬರಿಸಿದ ಮಿಶ್ರಣ. ಬ್ರೆಡ್ಡು ಉಬ್ಬಬೇಕಾದರೆ ಅದೇ ಬೇಕು. ಅದಕ್ಕೆ ದಿನಾ ಸ್ವಲ್ಪ ಆಲೂಗಡ್ಡೆ ಬೇಯಿಸಿದ ನೀರು, ಸಕ್ಕರೆ ಹಾಕುತ್ತಿರಬೇಕು, ಇಲ್ಲದಿದ್ದರೆ ಅದು ಹಸಿವಿನಿಂದ ಸಾಯುತ್ತದೆ ಎಂದು ಅರೋಹಾ ಹೇಳಿದಳು. ಅವಳ ತಾಯಿಯ ಕಾಲದಿಂದ ಅದಕ್ಕೆ ಹೀಗೆ ಉಣಿಸುತ್ತಲೇ ಬಂದಿದ್ದಾರೆ.

ಚಿಗವ್ವ ಬಾಟಲಿಗೆ ಕಿವಿ ಹಚ್ಚಿದಳು. "ಗುಳು ಗುಳು ಅನ್ನಾಕತ್ತೈತಿ! ನೋಡು ಗಿರಿಜಾ, ಅರವ್ವನೂ ಹಿಟ್ಟಿಗೆ ಊಟ ಹಾಕ್ತಾಳ" ಎಂದಳು. ಅರೋಹಾ ಆ ಗಳಿಗೆಯಿಂದ ಅರವ್ವ ಆದಳು. ಚಹಾ ಕಸಿದುಕೊಂಡ ಸಿಟ್ಟು ಎಲ್ಲಿ ಹೋಯಿತೋ ಯಾರಿಗೆ ಗೊತ್ತು.

ಸಭೆಯ ದಿನ ಬೆಳಿಗ್ಗೆ ಅರೋಹಾ ಬ್ರೆಡ್ಡು ಬೇಯಿಸಿದಳು. ಎಲೆಯ ಚೂರೂ ಸುಳಿಯದಂತೆ ಮುಂದಿನ ಕೋಣೆಯ ಬಾಗಿಲು ಹಾಕಿ ಬಂದಳು. ಚಿಗವ್ವ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, "ಹುಳಿ ಐತಿ. ಛಲೋ ಐತಿ. ಕೌದಿ ಉಣತೈತಿ" ಎಂದು ತೀರ್ಪು ಕೊಟ್ಟಳು. ಕೌದಿ ಹಾಸಿ, ಅವ್ವನ ಸೀರೆಯ ಕೆಳಗೆ ಬ್ರೆಡ್ಡಿನ ತುಂಡು ಇಟ್ಟು, ಸೂಜಿಗೆ ದಾರ ಪೋಣಿಸಿ ನನ್ನ ಕಡೆ ಚಾಚಿದಳು.

"ನಾನಾ? ನನಗ ಎಲ್ಲಿ ಬರ್ತೈತಿ ಚಿಗವ್ವ?"

"ಅಳತಿ ಎಲ್ಲಾ ನಿನಗ ಗೊತ್ತೈತಿ. ಕೌದಿ ಉಂಡಿಲ್ಲ ಅಂತ ಕಾಗದದಾಗ ಬರದಾಕಿನೂ ನೀನ. ಹೊಲಿ."

ಹೊಲಿದೆ. ಬೆರಳಗಲ ಬಿಡಬೇಕೆಂದು ಲೆಕ್ಕ ಗೊತ್ತಿದ್ದರೂ ಕೈಗೆ ಗೊತ್ತಿರಲಿಲ್ಲ. ಒಂದು ಸುತ್ತು ಅಗಲ, ಒಂದು ಸುತ್ತು ಕಿರಿದು, ಎರಡು ಸಲ ಬೆರಳಿಗೆ ಚುಚ್ಚಿತು. ಅವ್ವ ಈ ಸೀರೆ ಉಟ್ಟು ನನ್ನನ್ನು ಮೊದಲ ದಿನ ಶಾಲೆಗೆ ಬಿಟ್ಟು ಬಂದದ್ದು ನೆನಪಾಯಿತು. ನಡುವಿಗೆ ಬಂದು ಗಂಟು ಹಾಕಿದಾಗ ನಾನು ಅಳುತ್ತಿದ್ದೆ. ಚಿಗವ್ವ ನೋಡಿದರೂ ನೋಡದವಳಂತೆ, "ಸೊಟ್ಟ ಆಗೈತಿ, ಆದ್ರ ಗಟ್ಟಿ ಐತಿ" ಎಂದಳು.

ಸಭೆ

ಊರ ಶಾಲೆಯ ಸಭಾಂಗಣದಲ್ಲಿ ಸಭೆ. ಬಾಗಿಲ ಚೌಕಟ್ಟಿನ ಮೇಲೆ ಮರದಲ್ಲಿ ಕೆತ್ತಿದ ಜೋಡಿ ಸುರುಳಿಗಳು, ಒಂದರೊಳಗೊಂದು ಹೊಕ್ಕು ಬರುವಂಥವು. ಇಟಗಿಯ ಕಲ್ಲುಕುಟಿಗನನ್ನು ಇಲ್ಲಿ ತಂದು ಬಿಟ್ಟಿದ್ದರೆ ಮಾತಿಲ್ಲದೆ ಕೆಲಸಕ್ಕೆ ಕೂರುತ್ತಿದ್ದ.

ನಾನು ಸುವರ್ಣ ಅನುಪಾತದ ಮೇಲೆ ಇಪ್ಪತ್ತು ಚಿತ್ರ ಮಾಡಿಕೊಂಡು ಹೋಗಿದ್ದೆ. ಮೊದಲನೆಯದನ್ನು ತೋರಿಸುತ್ತಿದ್ದಂತೆ ಹಿಂದಿನ ಸಾಲಿನ ಮೇಷ್ಟರೊಬ್ಬರು, ಮೂರಕ್ಕೆ ಐದೇ ಯಾಕೆ ಎಂದು ಹೊಲಿದವರನ್ನೇ ಕೇಳೋಣವೇ ಎಂದರು. ಎರಡು ವರ್ಷದಲ್ಲಿ ನಾನು ಕೇಳದೇ ಇದ್ದ ಪ್ರಶ್ನೆ. ಚಿಗವ್ವನಿಗೆ ದಾಟಿಸಿದೆ.

"ಮಕ್ಕೊಂಡವರ ಕಾಲು ಹೊರಗ ಬರಬಾರದರಿ" ಎಂದಳು ಚಿಗವ್ವ. "ಅಷ್ಟರಿ."

ಇಡೀ ಸಭೆ ನಕ್ಕಿತು. ನಾನೂ ನಕ್ಕೆ, ತುಸು ತಡವಾಗಿ. ಉಳಿದ ಹತ್ತೊಂಬತ್ತು ಚಿತ್ರ ಬಿಟ್ಟು, ಬೋರ್ಡಿನ ಮೇಲೆ ಸುರುಳಿ ಬರೆದು, ನಡುವಿನ ಚುಕ್ಕೆಯನ್ನು ಒರೆಸಿ, ಅಲ್ಲಿ ಏನಿದೆ, ಯಾಕಿದೆ, ಅದಕ್ಕಾಗಿ ಏನೇನಾಯಿತು ಎಂದು ನಾಯಿಯಿಂದ ಬ್ರೆಡ್ಡಿನವರೆಗೆ ಹೇಳಿದೆ. ಆಮೇಲೆ ಎಲ್ಲರೂ ಸಾಲಾಗಿ ಬಂದು ಕೌದಿಯ ಹೊಟ್ಟೆ ಮುಟ್ಟಿ ನೋಡಿದರು. ನನ್ನ ಸೊಟ್ಟ ಸುತ್ತುಗಳನ್ನು ಚಿಗವ್ವ ಒಬ್ಬೊಬ್ಬರಿಗೂ ಬೆರಳಿಟ್ಟು ತೋರಿಸಿದಳು.

ಹೊರಡುವ ದಿನ

ಗಂಟು ಕಟ್ಟಲು ಕೌದಿ ಮಡಚುತ್ತಿದ್ದೆ. ಚಿಗವ್ವ ಬಾಗಿಲಲ್ಲಿ ನಿಂತು, "ಇದನ್ನ ಒಯ್ದರ ಅಲ್ಲಿ ಕಾಗದದಾಗ ಏನ್ ಬರೀತಿ?" ಎಂದಳು.

ಯೋಚಿಸಿದೆ. ತಿನ್ನುವ ವಸ್ತು ಇದೆ ಎಂದು ಬರೆದರೆ ನಮ್ಮ ಕಡೆಯವರು ಹೊಟ್ಟೆ ಬಿಚ್ಚಿಸಬಹುದು. ಇಲ್ಲ ಎಂದು ಬರೆಯುವ ಬಾಯಿ ಇನ್ನು ನನಗಿಲ್ಲ. ಇಲ್ಲಿಯೇ ಬಿಚ್ಚಿ ಬ್ರೆಡ್ಡು ತೆಗೆದು ಕೌದಿ ಮಾತ್ರ ಒಯ್ಯಬಹುದು. ಬಿಟ್ಟುಹೋಗೋಣವೆಂದರೆ ನನ್ನ ಶಾಲೆಯ ಮಕ್ಕಳು ಕಾಯುತ್ತಿದ್ದಾರೆ, ಜಿಲ್ಲೆಯ ಪ್ರದರ್ಶನಕ್ಕೆ ಹೆಸರು ಕೊಟ್ಟಿದ್ದೇನೆ, ಎಲ್ಲಕ್ಕೂ ಹೆಚ್ಚಾಗಿ ಅದು ಅವ್ವನ ಸೀರೆ.

"ನಿಮ್ಮವ್ವನ ಸೀರಿ, ನಿನ್ನ ಹೊಲಿಗಿ. ನೀ ಹೆಂಗಂತಿ ಹಂಗ. ಆದ್ರ ಒಂದು ಸಲ ಹೊಟ್ಟಿ ಬಿಚ್ಚೀನಿ, ಇನ್ನೊಂದು ಸಲ ನನ್ನ ಕೈಲೆ ಆಗಂಗಿಲ್ಲ."

ಕತ್ತರಿ ಮೇಜಿನ ಮೇಲೇ ಇತ್ತು. ನನಗೆ ಬಿಟ್ಟು ಬರಲು ಕೊಂಚವೂ ಮನಸ್ಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೂ ಅವ್ವನ ಸೀರೆಯ ಕೆಳಗಿಂದ ಒಬ್ಬರು ಬಡಿಸಿದ್ದನ್ನು ಕಿತ್ತು ತೆಗೆಯಲು ಕೈ ಮುಂದೆ ಹೋಗಲಿಲ್ಲ. ಮಡಚಿದ್ದನ್ನು ಹಾಗೆಯೇ ಎತ್ತಿಕೊಂಡು ಹೋಗಿ ಅರೋಹಾಳ ತೋಳಿನ ಮೇಲಿಟ್ಟೆ. ಅವಳು ತನ್ನ ಮೂಗನ್ನು ನನ್ನ ಮೂಗಿಗೆ ಮುಟ್ಟಿಸಿದಳು. ಅದು ಅವರ ಪದ್ಧತಿ. ಚಿಗವ್ವನ ಸರದಿ ಬಂದಾಗ ಅವಳು ಎರಡು ಕೈಯಿಂದ ಅರೋಹಾಳ ಗಲ್ಲ ನೀವಿ ಲಟಿಕೆ ಮುರಿದಳು.

ಮತ್ತೆ ತಾವರಗೇರಾ

ತಿಂಗಳೊಪ್ಪತ್ತಿಗೆ ಅರೋಹಾಳಿಂದ ಫೋನಿಗೆ ಒಂದು ಫೋಟೊ ಬಂತು. ಚಿಗವ್ವನಿಗೆ ತೋರಿಸಲು ಭಾನುವಾರ ತಾವರಗೇರಾಕ್ಕೆ ಹೋದೆ. ಹಾಲಿನ ಟ್ಯಾಂಕರು ಓಡಿಸುವ ಅವಳ ಮಗ ಕೆಲಸ ಮುಗಿಸಿ ಬಂದು ಕೌದಿಯನ್ನು ನೆತ್ತಿಯವರೆಗೆ ಎಳೆದು ಹೊಚ್ಚಿಕೊಂಡು ಮಲಗಿದ್ದಾನೆ. ಹಸಿರು ನಡು ಅವನ ಹೊಟ್ಟೆಯ ಮೇಲೆಯೇ ಬಂದಿದೆ. ಅವ್ವನ ಸೀರೆಯನ್ನು ಅಷ್ಟು ದೂರದಲ್ಲಿ ಅಷ್ಟು ಸುಖವಾಗಿ ನೋಡಿ ನನಗೆ ಸಂತೋಷವಾಯಿತು.

ಚಿಗವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಹಣೆ ಚಚ್ಚಿಕೊಂಡಳು.

"ಅಯ್ಯ, ಕಾಲು ಹೊರಗ ಬಂದಾವಲ್ಲವ್ವ!"

ನಿಜ. ಕೌದಿಯ ತುದಿಯಿಂದ ಎರಡು ದೊಡ್ಡ ಪಾದ ಗೇಣುದ್ದ ಹೊರಗೆ ಚಾಚಿದ್ದವು. ಅವಳು ಎದ್ದು ಹೋಗಿ ಟ್ರಂಕು ತೆಗೆದು, ಅವ್ವನ ಎರಡನೆಯ ಸೀರೆಯನ್ನು ತಂದು ಪಡಸಾಲೆಯಲ್ಲಿ ಬಿಚ್ಚಿ ಹಾಸಿದಳು.

"ಆ ಹುಡುಗಗ ಆರು ಮೊಳ ಬೇಕು. ಅಗಲ ಮೂರ ಸಾಕು. ಈ ಸಲ ಅಂಚಿನಿಂದ ನೀನ ಹೊಲಿ."

ಮೂರಕ್ಕೆ ಆರು. ಅಂದರೆ ಒಂದಕ್ಕೆ ಎರಡು, ಎರಡನೆಯ ಕ್ಲಾಸಿನ ಮಗ್ಗಿ. ಅದರಲ್ಲಿ ಸುವರ್ಣದ ಸುಳಿವೂ ಇಲ್ಲ. ನಾನು ಸೂಜಿ ಇಸಿದುಕೊಂಡು ಸೀರೆಯ ಮೂಲೆಯಲ್ಲಿ ಕೂತೆ.